ಹಳೇ ಇಳಕಲ್ ಸೀರೆ ಕೈಗೆ ಬಂದರೆ ಮೊದಲು ಮಗುಚಿ ನೋಡಿ

ಟ್ರಂಕಿನಿಂದ ಹಳೇ ಸೀರೆ ಹೊರಬಂದ ಕೂಡಲೇ ಬಹುತೇಕರು ಮಾಡುವುದು ಎರಡು ಕೆಲಸ: ಕೊಡವುವುದು, ಸೆರಗು ಹರವಿ ಫೋಟೊ ಹೊಡೆಯುವುದು. ಕೊಡವಿದರೆ ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿದ್ದ ರೇಷ್ಮೆ ಅಲ್ಲೇ ಸೀಳಿಬಿಡುತ್ತದೆ. ಸೆರಗಿನ ಮುಂಬದಿಯನ್ನಷ್ಟೇ ನೋಡಿದರೆ ಅಂದ ಕಾಣುತ್ತದೆ, ಬೇರೇನೂ ಕಾಣುವುದಿಲ್ಲ. ಬಟ್ಟೆ ಯಾವ ಮಗ್ಗದಿಂದ ಬಂತು, ಯಾವ ಕಾಲಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ, ಎಲ್ಲಿ ಹರಿದಿತ್ತು, ಎಲ್ಲಿ ಹೊಲಿದಿದ್ದಾರೆ ಎಂಬುದೆಲ್ಲ ಇರುವುದು ಹಿಂಬದಿಯಲ್ಲಿ, ದಡಿಯ ತುದಿಯಲ್ಲಿ ಮತ್ತು ಜೋಡಣೆಗಳಲ್ಲಿ.

ಇಲ್ಲಿ ಇಳಕಲ್ ಸೀರೆಯನ್ನೇ ಮಾದರಿಯಾಗಿ ಇಟ್ಟುಕೊಂಡಿದ್ದೇವೆ. ಒಂದೇ ಬಟ್ಟೆಯಲ್ಲಿ ಹತ್ತಿಯ ಒಡಲು, ರೇಷ್ಮೆ ಅಥವಾ ಚಮಕಾ (ಕೃತಕ ರೇಷ್ಮೆ) ದಡಿ, ಬೇರೆಯದೇ ಹಾಸಿನ (ಉದ್ದದ ಎಳೆಗಳ) ಸೆರಗು, ಕೆಲವೊಮ್ಮೆ ಮೇಲೆ ಕಸೂತಿ, ಹೀಗೆ ನಾಲ್ಕು ಪಾಠ ಒಟ್ಟಿಗೆ ಸಿಗುತ್ತವೆ. ಇದರಲ್ಲಿ ಕೈ ಪಳಗಿದರೆ ಗುಳೇದಗುಡ್ಡದ ಖಣ, ಮೊಳಕಾಲ್ಮುರು ಸೀರೆ, ಮೈಸೂರು ರೇಷ್ಮೆ ಯಾವುದನ್ನೂ ಇದೇ ಕ್ರಮದಲ್ಲಿ ನೋಡಬಹುದು.

ಮೇಜು, ಕೈ, ಸಲಕರಣೆ

ಮಳೆಗಾಲದ ದಿನ ಈ ಕೆಲಸಕ್ಕೆ ಕೂರಬೇಡಿ. ಗಾಳಿಯ ತೇವಾಂಶ ಶೇ. 65 ದಾಟಿದರೆ ಬೂಷ್ಟು ಹಿಡಿಯುವ ಸಾಧ್ಯತೆ ಬೆಳೆಯುತ್ತಾ ಹೋಗುತ್ತದೆ. ಒಣ ಹವೆಯ ದಿನ, ನೇರ ಬಿಸಿಲು ಬೀಳದ ಕೋಣೆ ಸಾಕು. ಮೇಜಿನ ಮೇಲೆ ಒಗೆದು ಗಂಜಿ ಹಾಕದ ಬಿಳಿ ಹತ್ತಿ ಬಟ್ಟೆ ಹಾಸಿ. ಬಿಳಿಯೇ ಬೇಕು, ಏಕೆಂದರೆ ಉದುರಿದ ಬಣ್ಣದ ಪುಡಿ, ಹುಳದ ಹಿಕ್ಕೆ, ಕಳಚಿದ ದಾರದ ಚೂರು ಅದರ ಮೇಲೆ ಎದ್ದು ಕಾಣುತ್ತವೆ. ಆ ಚೂರುಗಳನ್ನು ಎಸೆಯಬೇಡಿ, ಚಿಕ್ಕ ಕಾಗದದ ಪೊಟ್ಟಣದಲ್ಲಿಡಿ. ಮುಂದೆ ನಾರಿನ ಪರೀಕ್ಷೆಗೆ ಅವೇ ಬೇಕು.

ಬಳೆ, ಉಂಗುರ, ವಾಚು, ಉದ್ದದ ಸರ ತೆಗೆದಿಡಿ. ಕೈ ಸೋಪಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಕ್ರೀಮು, ಎಣ್ಣೆ ಬೇಡ. ಸಿನಿಮಾದಲ್ಲಿ ಕಾಣುವ ಬಿಳಿ ಹತ್ತಿ ಕೈಗವಸು ಇಲ್ಲಿ ಉಪಕಾರಕ್ಕಿಂತ ಅಪಕಾರವನ್ನೇ ಮಾಡುತ್ತದೆ. ಅದು ಎದ್ದ ದಾರಕ್ಕೆ ಸಿಕ್ಕಿಕೊಳ್ಳುತ್ತದೆ, ಬೆರಳಿಗೆ ಬಟ್ಟೆಯ ಸ್ಪರ್ಶವೂ ತಿಳಿಯುವುದಿಲ್ಲ. ಜರಿ ಮುಟ್ಟುವಾಗ ಮಾತ್ರ ಬಿಗಿಯಾದ ನೈಟ್ರೈಲ್ ಗ್ಲೌಸ್ ಹಾಕಿ, ಬೆವರಿನ ಉಪ್ಪು ಬೆಳ್ಳಿಯನ್ನು ಕಪ್ಪಾಗಿಸುತ್ತದೆ.

ಬೇಕಾದ ವಸ್ತುಗಳು ದುಬಾರಿಯವಲ್ಲ. ಬಟ್ಟೆಯಂಗಡಿಯವರು ದಾರ ಎಣಿಸಲು ಬಳಸುವ, ಮಡಚುವ ಭೂತಗನ್ನಡಿ (10 ಪಟ್ಟು ಹಿಗ್ಗಿಸುವುದು, ಕೆಳಗೆ 1 ಇಂಚಿನ ಕಿಂಡಿ), ಮೊಬೈಲಿಗೆ ಸಿಕ್ಕಿಸುವ 60 ಪಟ್ಟಿನ ಲೆನ್ಸು, ಟೈಲರ್ ಟೇಪು, ಒಂದು ಸಣ್ಣ ಎಲ್‌ಇಡಿ ಟಾರ್ಚು, ಚಿಮಟ, ಪೆನ್ಸಿಲ್. ಪೆನ್ನು ಆ ಕೋಣೆಯೊಳಗೇ ಬರಬಾರದು.

ಬಿಚ್ಚುವುದು ಮತ್ತು ಅಳೆಯುವುದು

ಮಡಿಕೆಯಲ್ಲಿದ್ದ ಹಾಗೆಯೇ ಮೊದಲ ಫೋಟೊ ತೆಗೆಯಿರಿ. ಹೇಗೆ ಮಡಚಿದ್ದರು, ಯಾವ ಪತ್ರಿಕೆಯಲ್ಲಿ ಸುತ್ತಿದ್ದರು ಎಂಬುದೂ ದಾಖಲೆಯೇ. ಪತ್ರಿಕೆಯ ತಾರೀಖು ಸೀರೆಯ ತಾರೀಖಲ್ಲ, ಆದರೆ ಕೊನೆಯ ಸಲ ಟ್ರಂಕು ತೆರೆದದ್ದು ಯಾವಾಗ ಎಂದು ಸುಳಿವು ಕೊಡುತ್ತದೆ. ಆಮೇಲೆ ಮಡಿಕೆಗಳನ್ನು ಒಂದೊಂದಾಗಿ, ಎರಡೂ ಅಂಗೈಗಳನ್ನು ಬಟ್ಟೆಯ ಅಡಿಗೆ ತೂರಿಸಿ ಬಿಚ್ಚಿ. ತುದಿ ಹಿಡಿದು ಎಳೆಯಬಾರದು. ಮಡಿಕೆಯ ಗೆರೆ ಗಟ್ಟಿಯಾಗಿ, ಬಾಗಿಸಿದರೆ ಸಣ್ಣಗೆ ಚಟಪಟ ಸದ್ದು ಬಂದರೆ ಅಲ್ಲಿಗೆ ನಿಲ್ಲಿಸಿ, ತೆರೆದಷ್ಟನ್ನೇ ನೋಡಿ.

ಉದ್ದವನ್ನು ಎರಡೂ ದಡಿಗಳ ಪಕ್ಕದಲ್ಲಿ ಬೇರೆ ಬೇರೆ, ಅಗಲವನ್ನು ಮೂರು ಕಡೆ ಅಳೆಯಿರಿ. ಇಳಕಲ್ ಸೀರೆ 6, 8, 9 ಗಜಗಳಲ್ಲಿ ಬರುತ್ತಿತ್ತು, ಅಂದರೆ ಸರಿಸುಮಾರು 5.5, 7.3, 8.2 ಮೀಟರ್. ನಿಮ್ಮ ಅಳತೆ ಈ ಮೂರಕ್ಕೂ ಹೊಂದದೆ ಮಧ್ಯೆ ಎಲ್ಲೋ ನಿಂತರೆ ಸೀರೆ ಕತ್ತರಿಸಲ್ಪಟ್ಟಿರಬಹುದು. ಹರಿದ ಒಳತುದಿಯನ್ನು ಕಡಿದು ಕುಪ್ಪಸ, ಕೌದಿ, ಮಗುವಿನ ಲಂಗ ಮಾಡುವುದು ಮನೆಮನೆಯ ರೂಢಿ. ಒಳತುದಿಯಲ್ಲಿ ಮಗ್ಗದಿಂದ ಕತ್ತರಿಸಿದ ಸಹಜ ಕೊನೆ ಇದೆಯೋ, ಕತ್ತರಿಯ ಅಂಚು ಮಡಿಸಿ ಹೊಲಿದದ್ದೋ ಎಂದು ನೋಡಿದರೆ ಗೊತ್ತಾಗುತ್ತದೆ.

ಈಗ ಮಗುಚಿ. ಟಾರ್ಚನ್ನು ಬಟ್ಟೆಯ ಮಟ್ಟಕ್ಕೆ ಅಡ್ಡ ಹಿಡಿದು ಬೆಳಕನ್ನು ಹಾಯಿಸಿ. ನೇರ ಬೆಳಕಿನಲ್ಲಿ ಕಾಣದ ರಫೂ, ಕಿತ್ತ ಹೊಲಿಗೆಯ ತೂತು, ಎದ್ದ ದಾರ ಎಲ್ಲವೂ ನೆರಳು ಚೆಲ್ಲಿ ಕಾಣಿಸುತ್ತವೆ. ಅನಂತರ ಬಟ್ಟೆಯ ಒಂದು ಪದರವನ್ನು ಮಾತ್ರ ಬೆಳಕಿನ ಮುಂದೆ ಹಿಡಿದರೆ ಸವೆದ ಜಾಗಗಳು ತಿಳಿಯಾಗಿ ತೋರುತ್ತವೆ. ನಿರಿಗೆ ಸಿಕ್ಕಿಸುವ ಭಾಗ, ಕಚ್ಚೆಯ ಭಾಗ ಹೆಚ್ಚು ಸವೆದಿರುತ್ತದೆ. ಸವೆತ ಎಲ್ಲಿದೆ ಎನ್ನುವುದರಿಂದ ಉಟ್ಟ ರೀತಿಯನ್ನೇ ಅಂದಾಜು ಮಾಡಬಹುದು.

ಕೊಂಡಿ: ಇಡೀ ಸೀರೆಯಲ್ಲಿ ಮುಖ್ಯವಾದ ಒಂದು ಗೆರೆ

ಒಡಲು ಮುಗಿದು ಸೆರಗು ಶುರುವಾಗುವ ಗೆರೆಯ ಮೇಲೆ ಭೂತಗನ್ನಡಿ ಇಡಿ. ಸಾಂಪ್ರದಾಯಿಕ ಇಳಕಲ್ ಸೀರೆಯಲ್ಲಿ ಒಡಲಿಗೊಂದು ಹಾಸು, ಸೆರಗಿಗೊಂದು ಹಾಸು. ಮಗ್ಗಕ್ಕೆ ಏರಿಸುವಾಗಲೇ ಒಡಲಿನ ಒಂದೊಂದು ಎಳೆಯ ಕುಣಿಕೆಯೊಳಗೆ ಸೆರಗಿನ ಎಳೆಯ ಕುಣಿಕೆಯನ್ನು ತೂರಿಸಿ ಸೇರಿಸುತ್ತಾರೆ. ಇದೇ ಕೊಂಡಿ. ಒಂದು ಸೀರೆಯ ಅಗಲಕ್ಕೆ ಸಾವಿರಗಟ್ಟಲೆ ಕುಣಿಕೆ. ಆದ್ದರಿಂದಲೇ ಇಳಕಲ್ ಸೀರೆಯನ್ನು ಅನುಕರಿಸುವವರು ಮೊದಲು ಬಿಟ್ಟುಬಿಡುವುದೂ ಇದನ್ನೇ.

ಹಿಂಬದಿಯಿಂದ ನೋಡಿದರೆ ಆ ಗೆರೆಯುದ್ದಕ್ಕೂ ತೀರ ಸಣ್ಣ ಗಂಟಿನಂಥ ಉಬ್ಬು ಸಾಲಾಗಿ ಕಾಣುತ್ತದೆ, ಬೆರಳು ಸವರಿದರೂ ತಿಳಿಯುತ್ತದೆ. ಇನ್ನೂ ಖಚಿತವಾದ ಗುರುತು ಬಣ್ಣದ್ದು. ಕೊಂಡಿ ಇದ್ದರೆ ಸೆರಗಿನ ಉದ್ದದ ಎಳೆಗಳು ಸೆರಗಿನ ಬಣ್ಣದವೇ, ಅಂದರೆ ಕೆಂಪು. ಕೊಂಡಿ ಇಲ್ಲದೆ ಒಂದೇ ಹಾಸಿನಲ್ಲಿ ನೇಯ್ದಿದ್ದರೆ, ಒಡಲಿನ ನೀಲಿಯೋ ಹಸಿರೋ ಎಳೆಗಳು ಗೆರೆ ದಾಟಿ ಸೆರಗಿನೊಳಕ್ಕೂ ಹರಿದು, ಕೆಂಪಿನ ಹೊಳಪನ್ನು ಮಂಕಾಗಿಸಿರುತ್ತವೆ. ಮೂರನೆಯ ಸಾಧ್ಯತೆ, ಬೇರೆ ಸೀರೆಯ ಸೆರಗನ್ನು ಕತ್ತರಿಸಿ ಹೊಲಿದದ್ದು. ಒಡಲು ಹರಿದ ಮೇಲೂ ಸೆರಗು ಚೆನ್ನಾಗಿ ಉಳಿದಿದ್ದರೆ ಹಾಗೆ ಮಾಡುತ್ತಿದ್ದರು. ಅಲ್ಲಿ ಸೂಜಿಯ ಹೊಲಿಗೆ ಕಾಣುತ್ತದೆ, ಮೇಲಾಗಿ ದಡಿಯ ವಿನ್ಯಾಸ ಗೆರೆಯ ಆಚೀಚೆ ಒಂದಕ್ಕೊಂದು ಕೂಡುವುದಿಲ್ಲ.

ಸೆರಗಿನ ಮಾದರಿ ಟೋಪತೆನಿಯಾದರೆ ಮೂರು ಕೆಂಪು ಪಟ್ಟಿಗಳ ನಡುವೆ ಎರಡು ಬಿಳಿ ಭಾಗ ಇರುತ್ತವೆ. ಬಿಳಿಯ ಅಂಚಿನಲ್ಲಿ ತೆನೆ, ಹಣಿಗೆಯ ಹಲ್ಲು, ಕೋಟೆಯ ತೆನೆಗೋಡೆಯಂಥ ಆಕಾರಗಳು ಮೇಲೆದ್ದಿರುತ್ತವೆ. ಆ ಬಿಳಿಗೆ ಕೆಂಪು ಇಳಿದು ಗುಲಾಬಿಯಾಗಿದೆಯೇ ನೋಡಿ. ಆಗಿದ್ದರೆ ಸೀರೆ ಒಮ್ಮೆಯಾದರೂ ತಪ್ಪಾಗಿ ಒಗೆಸಿಕೊಂಡಿದೆ, ಮತ್ತು ಈ ಕೆಂಪು ಇನ್ನೊಮ್ಮೆಯೂ ಬಿಡುತ್ತದೆ. ದಡಿಯನ್ನು ಚಿಕ್ಕಿ ಪರಾಸ, ಗೋಮಿ, ಗಾಡಿ ಎಂದು ಗುರುತಿಸಲು ಬರದಿದ್ದರೆ ಹೆಸರಿಡುವ ಗೋಜಿಗೆ ಹೋಗದೆ ಕಂಡದ್ದನ್ನು ಬರೆಯಿರಿ: ದಡಿಯ ಅಗಲ ಎಷ್ಟು, ಎಷ್ಟು ಗೀರು, ಯಾವ ಬಣ್ಣ, ಎರಡೂ ಬದಿ ಒಂದೇ ತರಹವೇ. ತಪ್ಪು ಹೆಸರು ಒಮ್ಮೆ ಪಟ್ಟಿಗೆ ಸೇರಿದರೆ ತೆಗೆಯುವುದು ಕಷ್ಟ.

ಕೈಮಗ್ಗವೋ, ವಿದ್ಯುತ್ ಮಗ್ಗವೋ

ನೇಯುವಾಗ ಬಟ್ಟೆಯ ಅಗಲ ಕುಗ್ಗದಂತೆ ಎರಡು ತುದಿಗೂ ಮೊಳೆ ಇರುವ ಕಡ್ಡಿಯನ್ನು ಬಿಗಿದಿರುತ್ತಾರೆ. ಕೈಮಗ್ಗದಲ್ಲಿ ನೇಕಾರರು ಇದನ್ನು ನಾಲ್ಕಾರು ಇಂಚು ನೇಯ್ದಂತೆಲ್ಲ ಕಿತ್ತು ಮುಂದೆ ಚುಚ್ಚುತ್ತಾರೆ. ಹಾಗಾಗಿ ದಡಿಯ ಹೊರತುದಿಯಲ್ಲಿ ನಡುನಡುವೆ ತೂತುಗಳ ಗುಂಪು ಕಾಣುತ್ತದೆ. ವಿದ್ಯುತ್ ಮಗ್ಗದಲ್ಲಿ ತಿರುಗುವ ಮುಳ್ಳಿನ ಉರುಳೆ ಆ ಕೆಲಸ ಮಾಡುವುದರಿಂದ ಸಣ್ಣ ತೂತುಗಳು ಬಿಡದೆ ಸಾಲಾಗಿ ಉದ್ದಕ್ಕೂ ಇರುತ್ತವೆ. ಹೆಚ್ಚು ಒಗೆದ ಸೀರೆಯಲ್ಲಿ ತೂತು ಮುಚ್ಚಿಹೋಗಿರಬಹುದು. ಕಾಣಲಿಲ್ಲವೆಂದು ತೀರ್ಪು ಕೊಡಬೇಡಿ. ಕೈನೇಯ್ಗೆಯಲ್ಲಿ ಹೊಕ್ಕಿನ (ಅಡ್ಡ ಎಳೆಯ) ಒತ್ತಡವೂ ಒಂದೇ ಸಮ ಇರುವುದಿಲ್ಲ, ಊಟಕ್ಕೆ ಎದ್ದು ಮತ್ತೆ ಕೂತ ಜಾಗ ತೆಳು ಪಟ್ಟೆಯಾಗಿ ಉಳಿಯುತ್ತದೆ.

ಎಳೆ ಎಣಿಸುವುದನ್ನು ಮೂರು ಕಡೆ ಮಾಡಿ, ದಡಿಯಿಂದ ಕನಿಷ್ಠ 4 ಇಂಚು ಒಳಗೆ. ದಡಿಗೆ ಸಮಾನಾಂತರವಾಗಿ ಓಡುವುದು ಹಾಸು, ಅಡ್ಡ ಬರುವುದು ಹೊಕ್ಕು. ಎರಡನ್ನೂ ಬೇರೆ ಬೇರೆ ಬರೆಯಿರಿ, ಇಂಚಿಗೋ ಸೆಂಟಿಮೀಟರಿಗೋ ಎಂದು ಮರೆಯದೆ ನಮೂದಿಸಿ. ಜೋಡಿ ಎಳೆ ಹಾಕಿದ್ದರೆ ಅದನ್ನು ಒಂದೆಂದು ಎಣಿಸಿದಿರೋ ಎರಡೆಂದೋ ಬರೆಯದೇ ಹೋದರೆ ನಿಮ್ಮ ಲೆಕ್ಕ ಇನ್ನೊಬ್ಬರಿಗೆ ಉಪಯೋಗಕ್ಕೆ ಬಾರದು.

ನಾರು ಯಾವುದು

ಇಳಕಲ್ ಸೀರೆಯಲ್ಲಿ ಹೆಚ್ಚಿನ ಗೊಂದಲ ಇಲ್ಲೇ. ಹೊಳೆಯುವುದೆಲ್ಲ ರೇಷ್ಮೆಯಲ್ಲ, ದಡಿಯಲ್ಲಿ ಚಮಕಾ ಎನ್ನುವ ಕೃತಕ ರೇಷ್ಮೆ ಇರಬಹುದು, ಅದು ಮರದ ತಿರುಳಿನಿಂದ ಮಾಡಿದ ರೇಯಾನ್. 60 ಪಟ್ಟಿನ ಲೆನ್ಸಿನಲ್ಲಿ ಹತ್ತಿಯ ನಾರು ತಿರುಚಿದ ಪಟ್ಟಿಯಂತೆ, ರೇಷ್ಮೆ ನುಣುಪು ಕಡ್ಡಿಯಂತೆ ಕಾಣುತ್ತದೆ. ರೇಯಾನ್ ಕೂಡ ಹೆಚ್ಚುಕಡಿಮೆ ನುಣುಪಾಗಿಯೇ ಕಾಣುವುದರಿಂದ ಈ ಎರಡನ್ನು ಬೇರ್ಪಡಿಸಲು ಸುಡುವ ಪರೀಕ್ಷೆಯೇ ಸುಲಭ.

ಸೀರೆಯಿಂದ ಇದಕ್ಕಾಗಿ ದಾರ ಕೀಳಬಾರದು. ಪೊಟ್ಟಣದಲ್ಲಿಟ್ಟ, ತಾನೇ ಉದುರಿದ ಚೂರು ಸಾಕು, 1 ಸೆಂಟಿಮೀಟರ್ ಉದ್ದ ಇದ್ದರೆ ಬೇಕಾದಷ್ಟಾಯಿತು. ಸೀರೆ ಇರುವ ಕೋಣೆಯಿಂದ ಹೊರಗೆ ಬಂದು, ನೀರಿರುವ ಸ್ಟೀಲ್ ತಟ್ಟೆಯ ಮೇಲೆ ಚಿಮಟದಲ್ಲಿ ಹಿಡಿದು ಜ್ವಾಲೆಯ ಹತ್ತಿರ ತನ್ನಿ. ಕೂದಲು ಸುಟ್ಟ ವಾಸನೆ ಬಂದು, ಉಳಿದ ಕಪ್ಪು ಗುಂಡು ಬೆರಳಿನಲ್ಲಿ ಪುಡಿಯಾದರೆ ರೇಷ್ಮೆ. ಕಾಗದ ಸುಟ್ಟ ವಾಸನೆ ಬಂದು ಬೂದುಬಣ್ಣದ ಹಗುರ ಬೂದಿ ಉಳಿದರೆ ಹತ್ತಿ ಅಥವಾ ರೇಯಾನ್. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್‌ನಂಥ ಸಿಂಥೆಟಿಕ್. ಹತ್ತಿ–ರೇಯಾನ್ ಎರಡೂ ಒಂದೇ ತರಹ ಸುಡುತ್ತವೆ, ಆದರೆ ಉದ್ದುದ್ದ ಎಳೆಯ ಹೊಳಪು ರೇಯಾನಿಗೆ ಮಾತ್ರ ಇದೆ. ಲೆನ್ಸು ಮತ್ತು ಬೆಂಕಿ ಎರಡರ ಉತ್ತರವನ್ನೂ ಸೇರಿಸಿ ನಿರ್ಧರಿಸಿ.

ಜರಿ ಇದ್ದರೆ ಗೀಚಿ ನೋಡುವ ಅಕ್ಕಸಾಲಿಗರ ಪರೀಕ್ಷೆ ಬೇಡ. ಸವೆದ ಜಾಗದಲ್ಲಿ ಲೆನ್ಸ್ ಇಡಿ. ಅಸಲಿ ಜರಿಯೆಂದರೆ ಚಪ್ಪಟೆ ಮಾಡಿದ ಬೆಳ್ಳಿ ತಂತಿಯನ್ನು ರೇಷ್ಮೆ ಎಳೆಯ ಮೇಲೆ ಸುತ್ತಿ ಚಿನ್ನದ ನೀರು ಕೊಟ್ಟದ್ದು. ಚಿನ್ನ ಸವೆದಲ್ಲಿ ಬಿಳಿ ಅಥವಾ ಕಪ್ಪು ಕಾಣುತ್ತದೆ. ತಾಮ್ರದ ಜರಿ ಸವೆದಲ್ಲಿ ಕೆಂಪಾಗಿ, ತೇವ ತಾಗಿದಲ್ಲಿ ಹಸಿರು ಕಿಲುಬಾಗಿ ತೋರುತ್ತದೆ. ಪ್ಲಾಸ್ಟಿಕ್ ಜರಿ ಕಪ್ಪಾಗುವುದೂ ಇಲ್ಲ, ಕಿಲುಬೂ ಹಿಡಿಯುವುದಿಲ್ಲ, ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ. ಬೆಳ್ಳಿಗೋಸ್ಕರ ಹಳೇ ಜರಿ ಸೀರೆ ಕೊಂಡು ಸುಡುವ ವ್ಯಾಪಾರ ಊರೂರಿನಲ್ಲೂ ಇತ್ತು, ಈಗಲೂ ಇದೆ. ತೂಕಕ್ಕೆ ಕೊಡುವ ಮುನ್ನ ಕನಿಷ್ಠ ಫೋಟೊ ಮತ್ತು ಅಳತೆಯಾದರೂ ಉಳಿಸಿಕೊಳ್ಳಿ.

ಕಸೂತಿಯ ಹಿಂಬದಿ

ಧಾರವಾಡದ ಕಡೆಯ ಕಸೂತಿಯಲ್ಲಿ ನಾಲ್ಕು ಹೊಲಿಗೆ: ಗವಂತಿ, ಮುರಿಗಿ, ನೇಯ್ಗಿ, ಮೆಂತೆ. ಗವಂತಿ ಒಂದು ಸಲ ಹೋಗಿ, ಬಿಟ್ಟ ಖಾಲಿಯನ್ನು ತುಂಬುತ್ತ ವಾಪಸ್ ಬರುತ್ತದೆ. ಮುರಿಗಿಯೂ ಹಾಗೆಯೇ, ಮೆಟ್ಟಿಲಿನಾಕಾರದಲ್ಲಿ. ಈ ಎರಡೂ ಮುಂದೆ ಹಿಂದೆ ಒಂದೇ ರೀತಿ ಕಾಣಬೇಕು, ಗಂಟು ಕಾಣಬಾರದು. ನೇಯ್ಗಿ ಮತ್ತು ಮೆಂತೆ ಹಿಂಬದಿಯಲ್ಲಿ ಬೇರೆ ತೋರುತ್ತವೆ, ಅದು ದೋಷವಲ್ಲ. ಮಾದರಿಯನ್ನು ಬಟ್ಟೆಯ ಮೇಲೆ ಬರೆದುಕೊಳ್ಳದೆ ಎಳೆ ಎಣಿಸಿ ಹಾಕುವುದರಿಂದ ಪ್ರತಿ ಹೊಲಿಗೆ ಎಷ್ಟು ಎಳೆ ದಾಟಿದೆ ಎಂದು ನೀವೂ ಎಣಿಸಬಹುದು. ಗೋಪುರದ ಚಿತ್ರವಿದ್ದರೆ ಅದರ ಎಡ ಅರ್ಧವೂ ಬಲ ಅರ್ಧವೂ ಒಂದೇ ಲೆಕ್ಕಕ್ಕೆ ಬಂದರೆ ಪಳಗಿದ ಕೈ. ಮಿಷನ್ ಕಸೂತಿಯಲ್ಲಿ ಮುಂದೆ ಬಣ್ಣಬಣ್ಣ, ಹಿಂದೆ ಎಲ್ಲೆಡೆ ಬಾಬಿನ್ನಿನ ಒಂದೇ ಬಿಳಿ ದಾರ, ಅದನ್ನು ಪತ್ತೆ ಮಾಡಲು ಕ್ಷಣ ಸಾಕು.

ದೊಡ್ಡ ಚಿತ್ರಗಳು, ಅಂದರೆ ತೇರು, ಪಲ್ಲಕ್ಕಿ, ಆನೆ ಅಂಬಾರಿ, ಸೆರಗಿನ ಹತ್ತಿರ ದಟ್ಟವಾಗಿದ್ದು ಒಡಲಿನತ್ತ ಹೋದಂತೆ ಚಿಕ್ಕವಾಗುತ್ತಾ ಚದುರುವುದು ರೂಢಿ. ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಕಸೂತಿ ಇದ್ದರೆ ಬಟ್ಟೆಯ ಮೇಲೆ ಕಣ್ಣಿಡಿ: ಕಬ್ಬಿಣ ಸೇರಿದ ಹಳೇ ಕಪ್ಪು ಬಣ್ಣ ನಾರನ್ನು ತಾನೇ ತಿನ್ನುತ್ತದೆ. ಸುತ್ತಲ ಬಟ್ಟೆ ಪುಡಿಯಾಗಿ ಹೊಲಿಗೆ ಮಾತ್ರ ಉಳಿದಿರುವುದೂ ಉಂಟು. ಅಂಥದ್ದನ್ನು ಎತ್ತುವಾಗ ಅಡಿಗೆ ಗಟ್ಟಿ ರಟ್ಟು ಸರಿಸಿ, ರಟ್ಟಿನ ಸಮೇತ ಎತ್ತಿ.

ಕಾಲ ಹೇಳುವುದು

“ಅಜ್ಜಿಯ ಮದುವೆ ಸೀರೆ” ಎಂಬ ಮಾತನ್ನು ಬರೆದಿಟ್ಟುಕೊಳ್ಳಿ, ಆದರೆ ತಾರೀಖು ಅದರ ಮೇಲೆ ನಿಲ್ಲಿಸಬೇಡಿ. ಸೀರೆಯಲ್ಲಿ ಇರುವ ಅತ್ಯಂತ ಹೊಸ ವಸ್ತು ಯಾವುದೋ, ಸೀರೆ ಅದಕ್ಕಿಂತ ಹಳೆಯದಾಗಿರದು. ಕೃತಕ ಬಣ್ಣ ಹುಟ್ಟಿದ್ದು 1856ರಲ್ಲಿ, ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ಪರ್ಕಿನ್ನನ ನೇರಳೆಯಿಂದ. ಕಾರ್ಖಾನೆಯ ನೀಲಿ (ಇಂಡಿಗೊ) ಮಾರುಕಟ್ಟೆಗೆ ಬಂದದ್ದು 1897ರಲ್ಲಿ. ರೇಯಾನ್ 20ನೇ ಶತಮಾನದ ಸರಕು, ಆದ್ದರಿಂದ ಚಮಕಾ ದಡಿಯ ಸೀರೆಯನ್ನು 1850ರದ್ದು ಎಂದು ಮಾರುವವರಿಗೆ ನಮಸ್ಕಾರ ಹೇಳಿ ಮುಂದೆ ಹೋಗಿ. ಹೊಸ ವಸ್ತು ಮೂಲ ನೇಯ್ಗೆಯದ್ದೋ, ಆಮೇಲೆ ಸೇರಿಸಿದ್ದೋ ಎಂಬುದನ್ನು ಮಾತ್ರ ಬಿಡದೆ ಪರಿಶೀಲಿಸಿ. ಪಾಲಿಯೆಸ್ಟರ್ ದಾರದಲ್ಲಿ ಹೊಲಿದ ಫಾಲ್ಸ್ ಇದ್ದರೆ ಆ ಫಾಲ್ಸ್ ಹೊಸತು ಅಷ್ಟೆ.

ಗಿಡದ ನೀಲಿಗೂ ಕಾರ್ಖಾನೆಯ ನೀಲಿಗೂ ರಾಸಾಯನಿಕವಾಗಿ ಮೂಲವಸ್ತು ಒಂದೇ. ಕಣ್ಣಿನಿಂದ, ಲೆನ್ಸಿನಿಂದ ಬೇರೆ ಮಾಡಲಾಗದು; ಹಾಗೆ ಹೇಳುವವರನ್ನು ನಂಬಬೇಡಿ. ನೋಡಬೇಕಾದ್ದು ಮಡಿಸಿ ಹೊಲಿದ ಅಂಚಿನ ಒಳಭಾಗ. ಬೆಳಕು ತಾಗದ ಅಲ್ಲಿ ಮೂಲ ಬಣ್ಣ ಉಳಿದಿರುತ್ತದೆ, ಹೊರಗಿನದಕ್ಕೆ ಹೋಲಿಸಿದರೆ ಎಷ್ಟು ಮಾಸಿದೆ ಎಂದು ತಿಳಿಯುತ್ತದೆ.

365 ನ್ಯಾನೊಮೀಟರಿನ ಯುವಿ ಟಾರ್ಚು ಇದ್ದರೆ ಕತ್ತಲಲ್ಲಿ ಕೆಲವೇ ಕ್ಷಣ ಹಾಯಿಸಿ. ಇಡೀ ಸೀರೆ ನೀಲಿಬಿಳುಪಾಗಿ ಹೊಳೆದರೆ ಈಚಿನ ಡಿಟರ್ಜೆಂಟ್ ಪುಡಿಯಲ್ಲಿ ಒಗೆದಿದ್ದಾರೆ ಎಂದರ್ಥ, ಕಾಲದ ಬಗ್ಗೆ ಏನೂ ಹೇಳಲಾಗದು. ಒಂದು ತೇಪೆ ಅಥವಾ ಒಂದು ಸಾಲು ಹೊಲಿಗೆ ಮಾತ್ರ ಹೊಳೆದರೆ ಅದು ಆಮೇಲಿನ ರಿಪೇರಿ.

ಹುಳ, ಕಲೆ, ಸೀಳು

ಹಾನಿಯನ್ನೂ ಓದಬಹುದು. ರೇಷ್ಮೆ ಸೆರಗಿನಲ್ಲಿ ಮಾತ್ರ ತೂತು ಬಿದ್ದು ಹತ್ತಿಯ ಒಡಲು ಸರಿಯಾಗಿದ್ದರೆ ನುಸಿಹುಳ ಅಥವಾ ಕಾರ್ಪೆಟ್ ಬೀಟಲ್ ಮರಿಗಳ ಕೆಲಸ. ಅವಕ್ಕೆ ಬೇಕಾದ್ದು ರೇಷ್ಮೆ, ಉಣ್ಣೆ. ಗಂಜಿ ಹಾಕಿದ ಹತ್ತಿಯ ಮೇಲ್ಮೈ ಕೆರೆದಂತೆ ತೆಳುವಾಗಿದ್ದರೆ ಬೆಳ್ಳಿಮೀನು ಹುಳ. ಅದಕ್ಕೆ ಬೇಕಾದ್ದು ಗಂಜಿಯೇ, ಹಾಗಾಗಿ ಎತ್ತಿಡುವ ಬಟ್ಟೆಗೆ ಗಂಜಿ ಹಾಕಲೇಬಾರದು. ಮಡಿಕೆಯುದ್ದಕ್ಕೂ ಕಂದು ಗೆರೆ ಮರದ ಪೆಟ್ಟಿಗೆಯ ಅಥವಾ ಅಗ್ಗದ ರಟ್ಟಿನ ಆಮ್ಲದಿಂದ, ಪಿನ್ನು ಚುಚ್ಚಿದ್ದರ ಸುತ್ತ ಕೆಂಪು ಕಲೆ ಅದರ ತುಕ್ಕಿನಿಂದ.

ಜೀವಂತ ಹುಳ ಕಂಡರೆ ಸೀರೆಯನ್ನು ಹತ್ತಿ ಬಟ್ಟೆಯಲ್ಲಿ ಸುತ್ತಿ, ಪಾಲಿಥೀನ್ ಚೀಲದಲ್ಲಿ ಗಾಳಿ ಹೊರಹಾಕಿ ಬಿಗಿದು ಮನೆಯ ಡೀಪ್ ಫ್ರೀಜರಿನಲ್ಲಿ ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ 24 ಗಂಟೆ ಚೀಲ ಬಿಚ್ಚಬಾರದು. ಬಿಚ್ಚಿದರೆ ಹೊರಗಿನ ತೇವ ತಣ್ಣನೆಯ ಬಟ್ಟೆಯ ಮೇಲೆಯೇ ಇಳಿಯುತ್ತದೆ. ಧೂಳಿಗೆ ವ್ಯಾಕ್ಯೂಮ್ ಕ್ಲೀನರನ್ನು ಅತಿ ಕಡಿಮೆ ಸೆಳೆತಕ್ಕಿಟ್ಟು, ಬಟ್ಟೆಯ ಮೇಲೆ ನೈಲಾನ್ ಬಲೆ ಹಾಸಿ, ಮೂತಿಯನ್ನು ತಾಗಿಸದೆ ಎತ್ತಿ ಎತ್ತಿ ಇಟ್ಟು ಎಳೆಯಿರಿ. ಒಗೆಯುವ ಆಸೆ ಬಂದೀತು. ಅಂಟುವಾಳವಾದರೂ ಸರಿ, ಡ್ರೈಕ್ಲೀನ್ ಆದರೂ ಸರಿ, ಬೇಡ. ಒಮ್ಮೆ ಬಿಳಿಗೆ ಇಳಿದ ಕೆಂಪನ್ನು ಹಿಂದಕ್ಕೆ ತರುವ ದಾರಿಯಿಲ್ಲ.

ಸಂಖ್ಯೆ, ಮಡಿಕೆ, ಹೋಲಿಕೆ

ಪ್ರತಿ ವಸ್ತುವಿಗೂ ವರ್ಷ ಮತ್ತು ಕ್ರಮಸಂಖ್ಯೆ ಕೊಡಿ, 2025.1, 2025.2 ಹೀಗೆ. ಒಗೆದ ಹತ್ತಿ ಲಾಡಿಯ ತುಂಡಿನ ಮೇಲೆ ಪೆನ್ಸಿಲ್‌ನಲ್ಲಿ ಬರೆದು, ಸೀರೆಯ ಒಳತುದಿಯ ಮೂಲೆಗೆ ಎಳೆಗಳ ನಡುವೆ ಸೂಜಿ ತೂರಿಸಿ ಎರಡೇ ಹೊಲಿಗೆ ಹಾಕಿ. ಸ್ಟೇಪ್ಲರ್, ಸೆಲ್ಲೋಟೇಪು, ರಬ್ಬರ್‌ಬ್ಯಾಂಡ್ ಬೇಡ. ರಬ್ಬರಿನ ಗಂಧಕ ಜರಿಯನ್ನು ಕಪ್ಪಾಗಿಸುತ್ತದೆ.

ಎತ್ತಿಡಲು ಸುತ್ತುವುದೇ ಉತ್ತಮ. ಸೀರೆಯ ಅಗಲಕ್ಕಿಂತ 4 ಇಂಚು ಉದ್ದ, ಕನಿಷ್ಠ 3 ಇಂಚು ವ್ಯಾಸದ ರಟ್ಟಿನ ಕೊಳವೆಗೆ ಅಲ್ಯುಮಿನಿಯಂ ಫಾಯಿಲ್ ಸುತ್ತಿ, ಅದರ ಮೇಲೆ ಒಗೆದ ಮಸ್ಲಿನ್ ಸುತ್ತಿ, ಆಮೇಲೆ ಸೀರೆ. ಪಿವಿಸಿ ಪೈಪು ಗಟ್ಟಿ ಎನಿಸಿದರೂ ಅದರಿಂದ ಹೊರಡುವ ಆಮ್ಲ ಬಟ್ಟೆಗೆ ಕೇಡು. ದಪ್ಪ ಕಸೂತಿ, ಭಾರದ ಜರಿ ಇದ್ದರೆ ಸುತ್ತದೆ ಮಡಚಿ. ಪ್ರತಿ ಮಡಿಕೆಯೊಳಗೆ ಆಮ್ಲರಹಿತ ಟಿಶ್ಯೂ ಕಾಗದದ ಸುರುಳಿ ಇಟ್ಟು, ಆರು ತಿಂಗಳಿಗೊಮ್ಮೆ ಮಡಿಕೆಯ ಜಾಗ ಬದಲಿಸಿ. ನುಸಿಗುಳಿಗೆ ಬಟ್ಟೆಗೆ ತಾಗಕೂಡದು. ಬೇವಿನ ಎಲೆ ಹಾಕುವುದಾದರೆ ಪೂರ್ತಿ ಒಣಗಿಸಿ ಬಟ್ಟೆಯ ಚೀಲದಲ್ಲಿ ಹಾಕಿ, ನೇರವಾಗಿ ಉದುರಿಸಿದರೆ ಕಲೆಯಾಗುತ್ತದೆ.

ನಿಮ್ಮ ಸೀರೆಗೆ ಜೋಡಿ ಹುಡುಕುವಾಗ ಸಂಗ್ರಹಾಲಯಗಳ ಆನ್‌ಲೈನ್ ಪಟ್ಟಿಗಳಲ್ಲಿ “ಇಳಕಲ್” ಎಂದಷ್ಟೇ ಹುಡುಕಿದರೆ ಬಹಳಷ್ಟು ತಪ್ಪಿಹೋಗುತ್ತದೆ. ಇಳಕಲ್ಲು ಇರುವ ಬಾಗಲಕೋಟೆ ಜಿಲ್ಲೆ ಆದದ್ದೇ 1997ರಲ್ಲಿ. ಅದಕ್ಕೆ ಮೊದಲು ಅದು ಬಿಜಾಪುರ, 1885ಕ್ಕೆ ಮೊದಲು ಕಲಾದಗಿ ಜಿಲ್ಲೆ, ಬ್ರಿಟಿಷರ ಕಾಲದಲ್ಲಿ ಒಟ್ಟಾರೆ ಬಾಂಬೆ ಪ್ರೆಸಿಡೆನ್ಸಿ. ಆದ್ದರಿಂದ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಂಥ ಕಡೆ ಧಾರ್ವಾರ್, ಬೆಲ್ಗಾಂ, ಬಿಜಾಪುರ, ಬಾಂಬೆ ಎಲ್ಲ ಹೆಸರುಗಳನ್ನೂ ಆಗಿನ ಇಂಗ್ಲಿಷ್ ಕಾಗುಣಿತದಲ್ಲಿ ಹಾಕಿ ನೋಡಿ. 1866ರಲ್ಲಿ ಲಂಡನ್ನಿನ ಇಂಡಿಯಾ ಮ್ಯೂಸಿಯಂನ ಫೋರ್ಬ್ಸ್ ವಾಟ್ಸನ್ ಭಾರತದ ಬಟ್ಟೆಗಳ 700 ಮಾದರಿ ತುಂಡುಗಳನ್ನು 18 ಸಂಪುಟಗಳಲ್ಲಿ ಅಂಟಿಸಿ, ಅಂಥ 20 ಸೆಟ್ ಮಾಡಿಸಿದ್ದ. 7 ಸೆಟ್ ಭಾರತಕ್ಕೂ ಬಂದವು. ಆ ತುಂಡುಗಳು 1866ಕ್ಕೆ ಮೊದಲಿನವೇ ಎಂಬುದು ಖಚಿತವಾದ್ದರಿಂದ ಬಣ್ಣ, ದಡಿ ಹೋಲಿಸಲು ಅವು ಒಳ್ಳೆಯ ಆಧಾರ. ಅಹಮದಾಬಾದಿನ ಕ್ಯಾಲಿಕೋ ಮ್ಯೂಸಿಯಂಗೆ ಹೋಗುವುದಾದರೆ ಮುಂಚೆಯೇ ಹೆಸರು ನೋಂದಾಯಿಸಬೇಕು. ಒಳಗೆ ಫೋಟೊ ತೆಗೆಯಲು ಬಿಡುವುದಿಲ್ಲ, ಆದ್ದರಿಂದ ನಿಮ್ಮ ಸೀರೆಯ ದಡಿಯ ಅಳತೆ, ಗೀರುಗಳ ಕ್ರಮ, ಎಳೆಯ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ.